ಇಪ್ಪತ್ನಾಲ್ಕಕ್ಕೆ ನಾಲ್ಕು

ಹುಕ್ಕೇರಿಯ ನಮ್ಮ ಓಣಿಯಲ್ಲಿ ಗಟ್ಟಿಗಿತ್ತಿ ಎಂದರೆ ನಮ್ಮ ಅತ್ತೆ ಸೀತಾಬಾಯಿಯೇ. ಅಂಥವರು ಒಂದು ವರ್ಷ ತಮ್ಮದೇ ಬಲಗೈಗೆ ಹೆದರಿಕೊಂಡು ಬದುಕಿದರು.

2005ರ ಚಾತುರ್ಮಾಸದಲ್ಲಿ ಮುನಿ ಮಹಾರಾಜರು ನಮ್ಮ ಮನೆಗೆ ಆಹಾರಕ್ಕೆ ಬಂದಿದ್ದರು. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುತ್ತಾರೆ. ನೀರು ಕುಡಿಯುವುದೂ ಆಗಲೇ. ನೀಡುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯವಾಯಿತು, ಆ ದಿನದ ಊಟ ಅಲ್ಲಿಗೇ ಮುಗಿಯಿತು. ಎರಡನೇ ತುತ್ತಿಗೇ ಅತ್ತೆಯ ಕೈಯಿಂದ ಹಾಲಿನ ತಂಬಿಗೆ ಜಾರಿತು. ಮಹಾರಾಜರು ಬೊಗಸೆ ಬಿಡಿಸಿ ಹೊರಟರು. ಅತ್ತೆಯೂ ಮರುದಿನದವರೆಗೆ ನೀರು ಮುಟ್ಟಲಿಲ್ಲ. ಅಂದಿನಿಂದ ಮುನಿಗಳು ಬಂದರೆ ಅಡುಗೆಮನೆಯಿಂದ ಈಚೆಗೇ ಬರುತ್ತಿರಲಿಲ್ಲ. ಬೆರಳ ತುದಿಗಳಲ್ಲಿ ಗಂಟು, ಬೆಳಿಗ್ಗೆ ಎದ್ದರೆ ನೋವು. ಗೋಕಾಕದ ಎಣ್ಣೆ, ಹಿಡಕಲ್ಲಿನ ಲೇಪ ಎಲ್ಲ ಆಯಿತು. "ಈ ಕೈ ಮುಗೀತು" ಎನ್ನುತ್ತಿದ್ದರು.

ಮರುವರ್ಷ ಬೆಳಗಾವಿಯಲ್ಲಿ ಒಬ್ಬ ಡಾಕ್ಟರಮ್ಮ ಬೆರಳ ಕೀಲುನೋವಿನ ಬಗ್ಗೆ ಅಧ್ಯಯನ ನಡೆಸುತ್ತಿದ್ದಾರೆಂದು ತಿಳಿಯಿತು. ಕೈಯನ್ನು ಎಂಆರ್‌ಐ ಯಂತ್ರದಲ್ಲಿಟ್ಟು, ಎಲುಬುಗಳ ನಡುವಿನ ಮೃದ್ವಸ್ಥಿ ಎಷ್ಟು ಹಾಳಾಗಿದೆ ಎಂದು ನೋಡಿ, ಕೀಲಿಗೊಂದು ಅಂಕ ಹಾಕುತ್ತಾರಂತೆ. ಅತ್ತೆಯನ್ನು ಒಪ್ಪಿಸಿ ಕರೆದೊಯ್ದೆ. ಹದಿನೈದು ದಿನಕ್ಕೆ ಅಂಚೆಯಲ್ಲಿ ರಿಪೋರ್ಟ್ ಬಂತು.

ನಾನು ಶಾಲೆಯ ಅಕ್ಕೋರು, ಹದಿನೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವಳು. ಎಂಟು ಕೀಲು, ಪ್ರತಿಯೊಂದಕ್ಕೂ ಹೆಚ್ಚೆಂದರೆ ಮೂರು ಅಂಕ. ಆರಕ್ಕೆ ಸೊನ್ನೆ, ಎರಡಕ್ಕೆ ಎರಡೆರಡು. ಮನಸ್ಸು ತಾನೇ ಕೂಡಿಸಿಬಿಟ್ಟಿತು: ಇಪ್ಪತ್ನಾಲ್ಕಕ್ಕೆ ನಾಲ್ಕು. ಶುದ್ಧ ನಪಾಸು! ರಿಪೋರ್ಟನ್ನು ಸೀರೆಗಳ ಕೆಳಗೆ ಬಚ್ಚಿಟ್ಟೆ. ಅತ್ತೆ ತಂಬಿಗೆ ಎತ್ತಿದರೆ ಓಡಿಹೋಗಿ ಕಸಿದುಕೊಳ್ಳುತ್ತಿದ್ದೆ. ಮೂರನೇ ದಿನ ಅವರು ನನ್ನನ್ನು ಹಿಡಿದು ಕೂರಿಸಿದರು.

"ತ್ರಿಶಲಾ, ರಿಪೋರ್ಟ್ ಬಂದೈತಿ ಹೌದಲ್ಲ? ಖರೆ ಹೇಳ."

"ಬಂದೈತ್ರಿ ಅತ್ತೀ. ಆರು ಸೊನ್ನಿ ಹಾಕ್ಯಾರ."

ಅತ್ತೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಹಂಗಾರ ಮಹಾರಾಜರಿಗೆ ನೀಡೂದು ಈ ಜನ್ಮದಾಗ ಇನ್ನಿಲ್ಲ" ಎಂದು ಅತ್ತೇಬಿಟ್ಟರು. ಅವರು ಅಳುವುದನ್ನು ಕಂಡು ನನಗೆ ಆ ಡಾಕ್ಟರ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಹಿಂದೆಮುಂದೆ ನೋಡುವವಳಲ್ಲ. ಡಾಕ್ಟರಿಗೆ ಫೋನು ಹಚ್ಚಿದೆ.

"ಏನ್ರಿ ಮ್ಯಾಡಮ್, ಹಿರೇ ಮನಷ್ಯಾರ ಕೈಗೆ ಆರು ಸೊನ್ನಿ! ಒಂದರ ಮಾರ್ಕ್ ಕೊಡಾಕ ಆಗ್ಲಿಲ್ಲೇನ್ರಿ?"

ಆ ಕಡೆಯಿಂದ ನಗು ಕೇಳಿತು. "ಅಕ್ಕೋರ, ನಾವು ಮಾರ್ಕ್ ಹಾಕೂದು ಸವಕಳಿಗೆ. ಸೊನ್ನಿ ಅಂದ್ರ ಏನೂ ಸವದಿಲ್ಲ. ಗಂಟಿದ್ದ ಎರಡ ಕೀಲು ಅಷ್ಟ ಸವದಾವು. ಬೆರಳ ತುದೀಲೆ ಭಾರ ಹಿಡೀಬ್ಯಾಡ್ರಿ ಅಂತ ಹೇಳ್ರಿ. ಸಣ್ಣ ಬಟ್ಟಲ ತಗೊಂಡು ಎರಡೂ ಅಂಗೈಲೆ ಹಿಡೀಲಿ. ಧಾರಾಳ ನೀಡಲಿ."

ನಗು, ನಾಚಿಕೆ ಎರಡೂ ಒಟ್ಟಿಗೇ ಬಂದವು. ಅತ್ತೆಗೆ ಹೇಳಿದೆ. ಅವರು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡು, "ಸಾಲ್ಯಾಗ ಎಷ್ಟ ಮಂದಿನ್ನ ಹಿಂಗ ನಪಾಸ ಮಾಡೀಯವಾ?" ಎಂದು ಕಣ್ಣೊರೆಸಿಕೊಂಡು ನಕ್ಕರು.

ಅದೇ ವಾರ ಮುನಿಗಳು ನಮ್ಮ ಬಾಗಿಲಲ್ಲಿ ನಿಂತರು. ಅತ್ತೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮುಂದೆ ಬಂದರು. ಆಸರೆಗೆಂದು ನಾನು ಕೈ ಚಾಚಿದರೆ ಕಣ್ಣಲ್ಲೇ ಗದರಿಸಿದರು. ಅನ್ನ, ಹಾಲು, ಕೊನೆಗೆ ನೀರು. ಒಂದು ಹನಿಯೂ ಚೆಲ್ಲಲಿಲ್ಲ ಎಂದರೆ ಸುಳ್ಳಾದೀತು. ಬಟ್ಟಲು ಮಾತ್ರ ಬೀಳಲಿಲ್ಲ. ಮಹಾರಾಜರ ಊಟ ಪೂರ್ತಿಯಾಯಿತು.

ಅವರು ಹೋದ ಮೇಲೆ ಬಾಜೂ ಮನೆಯ ಇಂದ್ರವ್ವ ಹೊಸ್ತಿಲಿಗೆ ಬಂದರು.

"ನಾಳೆ ನಾವೂ ಮಹಾರಾಜರಿಗೆ ಆಹಾರ ನೀಡಬೇಕಂತ ಮಾಡೇವ್ರಿ ಅಕ್ಕಾ. ಆದ್ರ ನನ್ನ ಕೈ ಭಾಳ ನಡಗತಾವು."

ಅತ್ತೆ ತಮ್ಮ ಗಂಟುಬೆರಳಿನ ಕೈಯನ್ನು ಸೆರಗಿನಿಂದ ಹೊರತೆಗೆದು ಇಂದ್ರವ್ವನ ಕೈ ಹಿಡಿದರು.

"ನಡಗ್ಲಿ ಬಿಡ. ನಾ ನಿನ್ನ ಜೋಡಿ ಬಟ್ಟಲ ಹಿಡೀತೇನಿ."