ಹರಿದದ್ದು ಪೈಪು

ವೆಲ್ಡರ್ ಗೌಸಮೊದ್ದೀನನನ್ನು ಗ್ಯಾರೇಜಿನಿಂದ ತೆಗೆದುಹಾಕಿದರು. ಅವನ ವೆಲ್ಡಿಂಗ್ ಬಿಟ್ಟಿದ್ದರಿಂದಲೇ ಜೀಪು ಮಗುಚಿತು, ಅದರಲ್ಲಿ ಕೂತಿದ್ದ ಕುಮಾರಸ್ವಾಮಿಯ ಹೆಗಲೆಲುಬು ಮುರಿಯಿತು ಎಂದು ಊರಿಗೆಲ್ಲ ಹೇಳಿದರು. ವೆಲ್ಡಿಂಗ್ ಬಿಟ್ಟಿರಲಿಲ್ಲ.

ಗ್ಯಾರೇಜು ರಾಜಶೇಖರನದು. ಮನೆತನದ ಹತ್ತಿ ವ್ಯಾಪಾರವನ್ನು ಅಣ್ಣಂದಿರು ನೋಡಿಕೊಂಡರೆ ಇವನು ಹುಬ್ಬಳ್ಳಿಯ ವಿದ್ಯಾನಗರದ ಹಿಂದೆ ಶೆಡ್ ಹಾಕಿ, ಹಳೆಯ ಜೀಪುಗಳನ್ನು ಎತ್ತರಿಸಿ ಹಳ್ಳ ಕೊಳ್ಳ ಹತ್ತಿಳಿಯುವಂತೆ ಮಾಡಿಕೊಡುತ್ತಿದ್ದ. ಭಾನುವಾರ ಬಂತೆಂದರೆ ಉಳ್ಳವರ ಮಕ್ಕಳೆಲ್ಲ ಆ ಜೀಪುಗಳನ್ನೇರಿ ಕೆಸರು ಹುಡುಕಿಕೊಂಡು ಹೋಗುವರು. ಜೀಪಿಗೆ ಬೇಕಾದ ಲೇಥ್ ಕೆಲಸವೆಲ್ಲ ಕಮರಿಪೇಟೆಯ ಸಂಗವ್ವನ ಅಂಗಡಿಗೆ ಬರುತ್ತಿತ್ತು. ಗಂಡನ ಪಕ್ಕ ನಿಂತು ಕಲಿತ ಕೆಲಸ ಅವಳದು. ಗಂಡ ಸತ್ತ ಮೇಲೆ ಲೇಥ್ ಮಾರಿಬಿಡು ಎಂದು ಬುದ್ಧಿ ಹೇಳಲು ಬಂದವರಿಗೆ ಚಹಾ ಕುಡಿಸಿ ಕಳಿಸಿದ್ದಳು, ಅಷ್ಟೆ.

ಜೀಪಿನ ಆಕ್ಸಲ್ಲು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಲಿಂಕು. ಲಿಂಕು ಎಂದರೆ ಎರಡು ಮೊಳದ ಪೈಪು, ಎರಡೂ ತುದಿಗೆ ಒಂದೊಂದು ಕೀಲು. ಕೀಲಿನ ಬೋಲ್ಟು ತಿರುವಿ ಕೂರಿಸಲು ಥ್ರೆಡ್ ಬೇಕು. ಥ್ರೆಡ್ ಕೊರೆಯುವಷ್ಟು ಮೈ ಪೈಪಿಗಿರುವುದಿಲ್ಲ. ಅದಕ್ಕೆ ಒಳಗೆ ಥ್ರೆಡ್ ಕೊರೆದ ಗಟ್ಟಿ ಉಕ್ಕಿನ ತುಂಡೊಂದನ್ನು ಪೈಪಿನ ಬಾಯಿಗೆ ತೂರಿಸಿ ಸುತ್ತಲೂ ವೆಲ್ಡ್ ಮಾಡುತ್ತಾರೆ. ಕಂಪನಿಯವರು ಅದನ್ನು ಅಡಾಪ್ಟರ್ ಎನ್ನುತ್ತಾರೆ, ಕಮರಿಪೇಟೆಯವರು ಬುಶ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಅದು ಪೈಪಿನೊಳಗೆ ಮಿಸುಕಾಡದಂತೆ ಕೂರಬೇಕು.

ಕಮರಿಪೇಟೆಯಲ್ಲಿ ಅಳತೆ ಹೇಳುವ ರೂಢಿಯಿಲ್ಲ. ಗಿರಾಕಿ ನಮೂನೆ ತಂದು ಮುಂದಿಟ್ಟು "ಇದರಾಗ ಕುಂದರಬೇಕ ನೋಡ್ರಿ" ಅಂದರೆ ಮುಗಿಯಿತು. ರಾಜಶೇಖರ ಹಾಗೆಯೇ ಸಿ ಕ್ಲಾಸ್ ಪೈಪಿನ ಗೇಣುದ್ದದ ತುಂಡು ಕಳಿಸಿದ್ದ. ಸಂಗವ್ವ ಅದಕ್ಕೆ ಒಪ್ಪುವಂತೆ ಬುಶ್ ಮಾಡಿಕೊಟ್ಟಳು. ಆಮೇಲೆ ಲಿಂಕಿಗೆಂದು ಅವನು ತರಿಸಿದ್ದು ಬಿ ಕ್ಲಾಸ್ ಪೈಪು. ಅಂಗಡಿಯಲ್ಲಿ ಆ ದಿನ ಇದ್ದದ್ದು ಅದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾತ್ರ. ಬಿ ಕ್ಲಾಸಿನ ಮೈ ತೆಳು, ಹಾಗಾಗಿ ಒಳಬಾಯಿ ದೊಡ್ಡದು.

ಗೌಸಮೊದ್ದೀನ ಆ ಬಿ ಕ್ಲಾಸ್ ಪೈಪನ್ನೂ ಬುಶ್ಶನ್ನೂ ಹಿಡಿದುಕೊಂಡು ಸಂಗವ್ವನ ಅಂಗಡಿಗೆ ಬಂದಿದ್ದ. ಬುಶ್ಶನ್ನು ಪೈಪಿನೊಳಗಿಟ್ಟು ಅಲ್ಲಾಡಿಸಿ ತೋರಿಸಿದ.

"ಕೇಳಕ್ಕಾ. ಗುಡಿ ಗಂಟಿ ಬಾರಿಸಿದಂಗ ಸಪ್ಪಳ ಮಾಡತೈತಿ."

"ಪೈಪ ಬ್ಯಾರೆ ಐತಿ ಮಾರಾಯಾ, ತೆಳ್ಳಂದು. ಬುಶ್ ದೊಡ್ಡದು ಮಾಡಿಕೊಟ್ರೂ ಈ ಪೈಪ ತಡ್ಯಾಂಗಿಲ್ಲ. ನಿಮ್ಮ ಸಾವ್ಕಾರಗ ಹೇಳಿ ಬ್ಯಾರೆ ತರಸು."

ಅವನು ಅಲ್ಲಿಂದಲೇ ರಾಜಶೇಖರನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಬಂದ ಉತ್ತರವನ್ನು ಸಂಗವ್ವನೂ ಕೇಳಿದಳು.

"ಮುಂಜಾನೆ ಹೆಬ್ಬಳ್ಳಿಗೆ ಹೊಂಟಾವಲೇ ಗಾಡಿ! ಸಂದಿ ಇದ್ರ ವೆಲ್ಡಿಂಗಿಲೆ ತುಂಬು. ಅಷ್ಟೂ ಬರೂದಿಲ್ಲೇನ ನಿನಗ? ತುಂಬೂದಾಗದಿದ್ರ ಮನಿಗೆ ನಡಿ."

ತುಂಬಿದ. ತುಂಬದಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ತುಂಬಿದ್ದಕ್ಕೆ ತುಸು ತಡವಾಗಿ ಹೋಯಿತು.

ಹೆಬ್ಬಳ್ಳಿಯ ಹಳ್ಳದ ದಂಡೆಯಲ್ಲಿ, ಹಸಿ ಎರೆಮಣ್ಣಿನಲ್ಲಿ ಜೀಪು ಏರುತ್ತಿದ್ದಾಗ ಲಿಂಕಿನ ತುದಿ ಕಿತ್ತು ಬಂತು. ಆಕ್ಸಲ್ಲು ಓರೆಯಾಗಿ ಜೀಪು ಮಗ್ಗುಲಾಯಿತು. ಡ್ರೈವರನ ಪಕ್ಕ ಕೂತಿದ್ದ ಕುಮಾರಸ್ವಾಮಿಯ ಮೇಲೆ ಬಿತ್ತು. ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ರಾಜಶೇಖರ ಯಾರ ತಪ್ಪೆಂದು ತೀರ್ಮಾನ ಮಾಡಿಬಿಟ್ಟಿದ್ದ.

ಅಂದಿನಿಂದ ಗೌಸಮೊದ್ದೀನ ಹೋದಲ್ಲೆಲ್ಲ ಒಂದೇ ಮಾತು: "ಜೀಪ ಬೀಳಿಸಿದಾಂವ ನೀನ ಅಲ್ಲೇನ?" ಗೇಟು, ಕಿಟಕಿ ಮಾಡುವವರೂ ಕೆಲಸ ಕೊಡಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ "ಅವರ ಕೈಯಾಗ ಕೊಟ್ರ ಹಿಂಗ ಆಗೂದು" ಎಂದ. ಅವರು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ತಿಳಿದಿತ್ತು.

"ನಿನ್ನ ಕೆಲಸ ಕೆಟ್ಟಿದ್ದಿಲ್ಲ, ನನಗ ಗೊತ್ತೈತಿ" ಎಂದಿದ್ದಳು ಸಂಗವ್ವ.

"ನಿನಗ ಗೊತ್ತಾಗಿ ಏನ ಮಾಡೂದಕ್ಕಾ? ಉಳವಪ್ಪ ಸಾವ್ಕಾರ್ರಿಗೆ ಗೊತ್ತಾಗಬೇಕು. ಕಿತ್ತ ಬಂದ ಬುಶ್ ಕಣ್ಣಿಲೆ ನೋಡ್ತಾರಂತ. ವೆಲ್ಡಿಂಗ್ ಬಿಟ್ಟೈತಿ ಅಂತ ಅವರಿಗೆ ಅನಿಸಿದ್ರ ನನ್ನ ಮ್ಯಾಲೆ ಕೇಸ್ ಹಾಕ್ತಾರ. ವೆಲ್ಡರ್ ಅಂತ ಆಮ್ಯಾಲೆ ಯಾರ ಕರೀತಾರ ನನ್ನ?"

ಉಳವಪ್ಪ ಎಂದರೆ ಕುಮಾರಸ್ವಾಮಿಯ ಕಾಕಾ, ಕಾಳಿನ ವ್ಯಾಪಾರಿ. ಸಿಟ್ಟಿನ ಮನುಷ್ಯ, ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವವನಲ್ಲ.

ಅವನು ನೋಡಲು ಬರುವ ದಿನ ಮಧ್ಯಾಹ್ನ ರಾಜಶೇಖರನ ಕಾರು ಸಂಗವ್ವನ ಅಂಗಡಿಯ ಮುಂದೆ ನಿಂತಿತು. ಯಾವಾಗಲೂ "ಏ ಸಂಗವ್ವಾ" ಎಂದು ರಸ್ತೆಯಿಂದಲೇ ಕೂಗುವವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ಅಕ್ಕಾ, ಆರಾಮ? ಈ ಸಲ ಸೀಮ್‌ಲೆಸ್ ಪೈಪ ತಂದೇನಿ ನೋಡು, ಬೆಸುಗಿ ಇಲ್ಲದ್ದು. ಉಳಿದ ಜೀಪಿನ ಲಿಂಕ್ ಎಲ್ಲಾ ಬದಲಿ ಮಾಡೂದು."

ಸಂಗವ್ವ ಪೈಪಿನ ಎರಡೂ ಬಾಯಿಗೆ ಕ್ಯಾಲಿಪರ್ ಇಟ್ಟು ನೋಡಿದಳು. ದಪ್ಪ ಮೈ, ಒಳಗೆ ನುಣುಪು.

"ಲಿಂಕಿಗೂ ಇದ ಪೈಪೋ, ಇದು ಬರೇ ನಮೂನಿಯೋ?"

ರಾಜಶೇಖರ ನಕ್ಕ. "ಚುಚ್ಚಬ್ಯಾಡವಾ. ಇದ ಪೈಪ. ಎಲ್ಲಾ ಗಾಡ್ಯಾಗ ಐತಿ, ಬೇಕಾದ್ರ ಒಂದೊಂದ ಅಳದ ನೋಡು."

"ಥ್ರೆಡ್?"

"ಒಂದ ತುದಿಗೆ ಸೀದಾ, ಇನ್ನೊಂದಕ್ಕ ಉಲ್ಟಾ. ಜೀಪಿನಾಗ ಇದ್ದಾಗ ಪೈಪ ತಿರುವಿದ್ರ ಲಿಂಕ್ ಉದ್ದ ಗಿಡ್ಡ ಆಗಬೇಕು. ಥ್ರೆಡ್ ಆಳ ಇರಲಿ, ಬೋಲ್ಟ ಅರ್ಧಕ್ಕ ನಿಲ್ಲಬಾರದು. ಉಕ್ಕು ವೆಲ್ಡಿಂಗ್ ಹಿಡ್ಯೂವಂಥಾದ್ದ ಹಾಕು. ಭಾಳ ಬಿರುಸ ಇದ್ರ ವೆಲ್ಡಿಂಗಿನ ಮಗ್ಗಲಿಗೆ ಬಿರುಕ ಬಿಡತೈತಿ."

"ಪೈಪಿಗೆ ಅಡ್ಡ ತೂತು?"

"ಹಾಕಬೇಕು. ಬಾಯಿಗೆ ಸುತ್ತ ಒಂದ ವೆಲ್ಡಿಂಗ್, ತೂತಿನಾಗ ಒಂದ. ಒಂದ ಕೈಕೊಟ್ರ ಇನ್ನೊಂದು ಹಿಡಿತೈತಿ."

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಜೀಪಿನ ವಿಷಯದಲ್ಲಿ ಅವನು ಓದಿಕೊಂಡವನು, ಕೈಯಾಡಿಸಿದವನು. ಇಷ್ಟೆಲ್ಲ ಅವತ್ತು ಫೋನಿನಲ್ಲಿ ಬೈಯುವಾಗಲೂ ಇವನಿಗೆ ಗೊತ್ತಿತ್ತು ಎಂದುಕೊಂಡಳು ಸಂಗವ್ವ. ಗೊತ್ತಿಲ್ಲದೆ ಮಾಡಿದವನಾಗಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ರಾಜಶೇಖರ ಆಮೇಲೆ ಎಣ್ಣೆಬಟ್ಟೆಯ ಗಂಟೊಂದನ್ನು ಬಿಚ್ಚಿದ. ಹೆಬ್ಬಳ್ಳಿಯಲ್ಲಿ ಕಿತ್ತು ಬಂದ ಬುಶ್. ಸುತ್ತಲೂ ವೆಲ್ಡಿಂಗಿನ ಬಳೆ ಹಾಗೆಯೇ ಇತ್ತು. ಅದಕ್ಕೆ ಅಂಟಿಕೊಂಡು ಪೈಪಿನ ಅಂಚು, ಹರಿದ ರೊಟ್ಟಿಯ ಅಂಚಿನಂತೆ, ಒಂದು ಸುತ್ತು ಬಂದಿತ್ತು. ವೆಲ್ಡಿಂಗ್ ಹಿಡಿದದ್ದನ್ನು ಬಿಟ್ಟಿರಲಿಲ್ಲ, ಹರಿದದ್ದು ಪೈಪು. ನೋಡಿದ ಯಾರಿಗಾದರೂ ತಿಳಿಯುವಂತಿತ್ತು.

"ಇದನ್ನ ಲೇಥಿಗೆ ಹಾಕಿ ಸಾಫ ಮಾಡಿಬಿಡು. ಸಂಜಿಕ ಉಳವಪ್ಪ ಕಾಕಾ ಬರ್ತಾರ."

"ಸಾಫ ಅಂದ್ರ?"

"ಮ್ಯಾಲೆ ಹತ್ತಿದ್ದ ತಗದಬಿಡು. ಬುಶ್ ಅಷ್ಟ ಉಳೀಲಿ."

"ಆವಾಗ ವೆಲ್ಡಿಂಗ್ ಹಿಡದ ಇಲ್ಲ ಅನ್ನೂವಂಗ ಕಾಣತೈತಿ."

"ಕಾಣಲಿ." ಅವನು ಸ್ಟೂಲನ್ನು ಹತ್ತಿರ ಎಳೆದುಕೊಂಡ. "ಗೌಸಂದೇನ, ಬೆಳಗಾವಿಗೆ ಹ್ವಾದ್ರೂ ಕೆಲಸ ಸಿಗತೈತಿ ಅವಗ. ಪೈಪ ಹರದದ್ದು ಹೊರಗ ಬಿತ್ತಂದ್ರ ನನ್ನ ಗ್ಯಾರೇಜ್ ಮುಚ್ಚೂದ. ಮುಚ್ಚಿದ್ರ ನಿನ್ನ ಲೇಥಿಗೂ ಕೆಲಸ ಇಲ್ಲ. ನೀ ನಮ್ಮಾಕಿ ಅಂತ ನಿನ್ನ ಹಂತ್ಯಾಕ ಬಂದೇನಿ."

"ಹೌದೇನ್ರಿ?" ಸಂಗವ್ವ ಕೈ ಒರೆಸಿಕೊಂಡಳು. "ಹ್ವಾದ ವರ್ಷ ನಿಮ್ಮ ಮನಿ ಲಗ್ನದಾಗ ಕೆಲಸದವರ ಪಂಕ್ತ್ಯಾಗ ಕುಂದರಿಸಿದ್ರಿ ನನ್ನ. ಗೌಸಣ್ಣನ ಮಗ್ಗಲಿಗೇ ಕುಂತ ಉಂಡ ಬಂದ್ನಿ. ನಿಮ್ಮಾಕಿ ಯಾವಾಗ ಆದ್ನಿ?"

"ಅದನ್ನೆಲ್ಲಾ ಈಗ್ಯಾಕ ತಗೀತಿ?"

"ನೀವ ತಗದ್ರಿ."

ರಾಜಶೇಖರ ಎದ್ದು ತಾನೇ ಬುಶ್ಶನ್ನು ಲೇಥಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿಗೆ ಕೊಟ್ಟು ಕೀಲಿ ಹಾಕಿ ಬಿಗಿದ. ಎಲ್ಲಿ ಹಿಡಿಯಬೇಕು, ಎಷ್ಟು ಬಿಗಿಯಬೇಕು ಎಂಬುದೂ ಅವನಿಗೆ ಗೊತ್ತಿತ್ತು.

"ಚಾಲೂ ಮಾಡು. ಎರಡ ಮಿನಿಟಿನ ಕೆಲಸ."

ಸಂಗವ್ವ ಗೋಡೆಯ ಮೇನ್ ಸ್ವಿಚ್ ಇಳಿಸಿದಳು. ಬಂದು ಚಕ್ಕು ಸಡಿಲಿಸಿ ಬುಶ್ಶನ್ನು ಹೊರತೆಗೆದಳು.

"ಮಾಡೂದಿಲ್ಲರಿ."

"ಹುಬ್ಬಳ್ಳ್ಯಾಗ ನಿಂದೊಂದ ಏನ ಲೇಥ್ ಇರೂದು? ಕೊಡ ಇತ್ಲಾಗ."

"ಭಾಳ ಅದಾವ್ರಿ ಲೇಥ್."

"ಮತ್ತ ಕೊಡು. ನನ್ನ ಮಾಲದು."

"ಉಳವಪ್ಪ ಸಾವ್ಕಾರ್ರು ಇಲ್ಲಿಗೇ ಬರ್ಲಿ. ಅವರು ನೋಡಿದ ಮ್ಯಾಲೆ ಒಯ್ರಿ."

"ಸಂಗವ್ವಾ! ಕೊಡಂದ್ರ ಕೊಡು."

"ಕೊಡೂದಿಲ್ಲ."