ಒರೋಂಟ್ಸೋ ಕಡಿಸಿದ ಮರಳುದಿಬ್ಬ

ಸಾಲೆಂಟೋ ಸೀಮೆಯ ಆ ಕಡಲೂರಿನಲ್ಲಿ ಈಸ್ಟರ್ ಹಬ್ಬದ ಮರುದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ದಂಡೆಗೆ ಹೋಗುತ್ತಾರೆ. ಕೊಡೆ, ಕುರ್ಚಿ ಬಾಡಿಗೆಗೆ ಕೊಡುವ ಒರೋಂಟ್ಸೋನ ವ್ಯಾಪಾರ ಶುರುವಾಗುವುದೂ ಅವತ್ತೇ. ಚಳಿಗಾಲದಲ್ಲಿ ಅಲೆ ತಂದು ಹಾಕಿದ ಕಡಲಹುಲ್ಲು ಅಷ್ಟರಲ್ಲಿ ಒಣಗಿ ನಾರುತ್ತಿರುತ್ತದೆ. ಅದಕ್ಕೇ ಅವನು ಪ್ರತಿವರ್ಷ ಹಬ್ಬಕ್ಕೆ ಮುಂಚೆ ಟ್ರ್ಯಾಕ್ಟರ್ ಇಳಿಸಿ ಎಲ್ಲ ಬಳಿಸಿಬಿಡುತ್ತಿದ್ದ. ಆ ವರ್ಷ ಇನ್ನೊಂದು ಯೋಚನೆ ಬಂತು. ಕಾರುಗಳು ನೇರ ನೀರಿನವರೆಗೂ ಬರಲೆಂದು ಮರಳುದಿಬ್ಬವನ್ನೇ ಕಡಿದು ದಾರಿ ಮಾಡಿಸಲು ಹೊರಟ.

ಟ್ರ್ಯಾಕ್ಟರಿನವನನ್ನು ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಅವನ ಅಣ್ಣನ ಹೆಂಡತಿ ಪಾಲ್ಮೀರಾ ಸಿಕ್ಕಳು. ಬುಟ್ಟಿ ತುಂಬ ಕಾಡುಸೊಪ್ಪು ಕೊಯ್ದುಕೊಂಡು ಬರುತ್ತಿದ್ದಳು.

"ಎಲ್ಲಿಗೋ ಮೈದುನಾ, ನಿನ್ನ ಮೆರವಣಿಗೆ?"

"ಕಸ ಬಳಿಯೋಕೆ ಅತ್ತಿಗೆ. ಈ ಗೊಬ್ಬರದ ಮೇಲೆ ಯಾರು ಬಂದು ಮಲಗ್ತಾರೆ?"

"ಕಸ ಅಲ್ಲ ಕಣೋ. ಅಲೆ ಇದಕ್ಕೆ ಬಡಿದು ಸುಸ್ತಾಗ್ತದೆ. ಇದಿಲ್ಲ ಅಂದ್ರೆ ಸೀದಾ ದಿಬ್ಬಕ್ಕೇ ಬಡೀತದೆ. ಅದಿರ್ಲಿ, ದಿಬ್ಬಾನೂ ಕಡಿಸ್ತೀಯಂತೆ?"

"ಅದ್ರ ಮೇಲೆ ಏನಿದೆ? ನಾಲ್ಕೆಳೆ ಒಣಹುಲ್ಲು. ನಮ್ಮ ಕತ್ತೆ ಕೂಡ ಮೂಸ್ತಿರ್ಲಿಲ್ಲ."

"ಕತ್ತೆಗೆ ನಿನಗಿಂತ ಬುದ್ಧಿ ಇತ್ತು ಬಿಡು! ಗಾಳಿ ತಂದ ಮರಳನ್ನ ಹಿಡಿದಿಡೋದೇ ಆ ಹುಲ್ಲು. ಮರಳು ಮುಚ್ಚಿದಷ್ಟೂ ಮೇಲೆ ಬರ್ತದೆ. ಗಾಳಿ, ಉಪ್ಪು ಎಲ್ಲ ತಡ್ಕೊಳ್ತದೆ. ಗಾಡಿ ಚಕ್ರ ತಡ್ಕೊಳಲ್ಲ. ದಿಬ್ಬದ ಹಿಂದೇನೇ ನಿನ್ನ ಹೆಂಡ್ತಿ ತೋಟ ಇದೆ, ಮರೀಬೇಡ."

"ಸಮುದ್ರ ಏನು, ತೋಟಕ್ಕೆ ಟೊಮೆಟೊ ಕೀಳೋಕೆ ಬರ್ತದಾ?" ಎಂದ ಒರೋಂಟ್ಸೋ. ಟ್ರ್ಯಾಕ್ಟರಿನವನು ಜೋರಾಗಿ ನಕ್ಕ.

ಆ ಬೇಸಗೆ ಕಾರುಗಳು ಸಾಲುಗಟ್ಟಿ ಬಂದವು. ದಾರಿಯ ಅಕ್ಕಪಕ್ಕದ ಹುಲ್ಲೂ ಜನರ ಕಾಲಿಗೆ ಸಿಕ್ಕಿ ಸತ್ತಿತು. ಅಲ್ಲಿ ಅರಳುತ್ತಿದ್ದ ಬಿಳಿ ಲಿಲ್ಲಿಗಳನ್ನು ಬಂದವರು ಗಡ್ಡೆಸಮೇತ ಕಿತ್ತೊಯ್ದರು. ಚಳಿಗಾಲದ ಮೊದಲ ದೊಡ್ಡ ಬಿರುಗಾಳಿಗೆ ಸಮುದ್ರ ಆ ದಾರಿಯಲ್ಲೇ ಒಳಗೆ ಬಂತು. ಅವನ ಹೆಂಡತಿ ಚೆಸಾರಿಯಾಳ ತೋಟದಲ್ಲಿ ಉಪ್ಪುನೀರು ನಿಂತಿತು.

ಆ ತೋಟದ ಟೊಮೆಟೊ ತಳಿ ಚೆಸಾರಿಯಾಳ ತವರಿನದು. ಗೊಂಚಲು ಕಟ್ಟಿ ಅಟ್ಟಕ್ಕೆ ತೂಗುಹಾಕಿದರೆ ಚಳಿಗಾಲವೆಲ್ಲ ಕೆಡುತ್ತಿರಲಿಲ್ಲ. ಅವಳ ಅಮ್ಮ ಹೋದ ಮೇಲೆ ಆ ಬೀಜ ಇದ್ದದ್ದು ಇವಳೊಬ್ಬಳ ಹತ್ತಿರವೇ. ವಸಂತದಲ್ಲಿ ಬೀಜ ಹಿಡಿದು ಅವಳು ಅನುಮಾನಿಸಿದಳು.

"ಅರ್ಧ ಇಟ್ಕೊಳ್ಲಾ?"

"ಅಷ್ಟು ಮಳೆ ಬಂತಲ್ಲ, ಉಪ್ಪೆಲ್ಲ ತೊಳೆದು ಹೋಗಿರ್ತದೆ. ಹಾಕು, ಎಲ್ಲಾನೂ ಹಾಕು" ಎಂದ ಒರೋಂಟ್ಸೋ.

ಅವಳು ಎಲ್ಲವನ್ನೂ ಹಾಕಿದಳು. ಅಲ್ಲೊಂದು ಇಲ್ಲೊಂದು ಮೊಳಕೆ ಬಂದು, ಎಲೆಯಂಚು ಸುಟ್ಟು, ಮುದುರಿಹೋದವು. ಬಾವಿಯ ನೀರೂ ಉಪ್ಪಾಗಿತ್ತು.

ಆಗಸ್ಟಿನಲ್ಲಿ ವರ್ಷಕ್ಕಾಗುವಷ್ಟು ಟೊಮೆಟೊ ಗೊಜ್ಜು ಕಾಯಿಸಲು ಮನೆಮಂದಿ ಸಂತೆಯ ಹಣ್ಣು ತಂದರು. ಚೆಸಾರಿಯಾ ರುಚಿ ನೋಡಿ, "ಪರ್ವಾಗಿಲ್ಲ" ಎಂದಳು. ಬೈದಿದ್ದರೆ ಒರೋಂಟ್ಸೋಗೆ ಎಷ್ಟೋ ಹಗುರವಾಗುತ್ತಿತ್ತು. ಅಂದೇ ಅವನು ಪಾಲ್ಮೀರಾಳ ಬಾಗಿಲಿಗೆ ಹೋದ.

"ಅತ್ತಿಗೆ, ಆ ದಿಬ್ಬದ ಹುಲ್ಲು ಮತ್ತೆ ಬರ್ತದಾ?"

"ಬರ್ತದೆ. ಸುಮ್ನೆ ಬಿಟ್ರೆ ನಿಧಾನಕ್ಕೆ ಬರ್ತದೆ."

"ಬೀಜ?"

ಪಾಲ್ಮೀರಾ ಅವನ ಕೈ ಹಿಡಿದು ಹೇಳಿದಳು. "ಅದು ಹೋಯ್ತಪ್ಪಾ."

ಈಗ ಆ ದಾರಿಗೆ ಬೇಲಿ ಹಾಕಿದ್ದಾರೆ. ಪಕ್ಕದ ದಿಬ್ಬದ ಹುಲ್ಲಿನ ಬುಡಗಳನ್ನು ಊರವರು ಅನುಮತಿ ಕೇಳಿ ತಂದು ನೆಟ್ಟಿದ್ದಾರೆ. ಜನ ನಡೆಯಲು ಎತ್ತರದ ಹಲಗೆಯ ಕಾಲುದಾರಿ ಒಂದೇ. ಚಳಿಗಾಲದಲ್ಲಿ ಕಡಲಹುಲ್ಲನ್ನು ಯಾರೂ ಮುಟ್ಟುವುದಿಲ್ಲ. ಬೇಸಗೆಯಲ್ಲಿ ಕೈಯಿಂದ ಒಂದು ಬದಿಗೆ ಸರಿಸಿ, ಬಿರುಗಾಳಿ ಬರುವ ಮುಂಚೆ ಮತ್ತೆ ದಿಬ್ಬದ ಬುಡಕ್ಕೇ ಹಾಕುತ್ತಾರೆ. ಬಂದವರು ಮೂಗು ಮುಚ್ಚಿದರೆ ಉತ್ತರ ಕೊಡುವವಳು ಚೆಸಾರಿಯಾ: "ಇದಿಲ್ಲ ಅಂದ್ರೆ ನಿಮ್ಮ ಕುರ್ಚಿ ಹಾಕೋಕೆ ಮರಳೂ ಇರಲ್ಲ ಸ್ವಾಮಿ, ಕೂತ್ಕೊಳ್ಳಿ." ತೋಟ ಮಾತ್ರ ಇನ್ನೂ ಬೀಳುಬಿದ್ದಿದೆ.

ನೀವೂ ಕಡಲ ದಂಡೆಗೆ ಹೋಗುತ್ತೀರಿ. ದಿಬ್ಬದ ಮೇಲಿನ ಹುಲ್ಲು, ಬಳ್ಳಿಗಳನ್ನು ತುಳಿಯಬೇಡಿ, ಕೀಳಬೇಡಿ, ಅವುಗಳ ಮೇಲೆ ಗಾಡಿ ಹತ್ತಿಸಬೇಡಿ. ಇರುವ ಕಾಲುದಾರಿಯಲ್ಲೇ ನಡೆಯಿರಿ. ಗಾಳಿ, ಅಲೆಗಳನ್ನು ನಾವು ತಡೆಯಲಾರೆವು. ತಡೆಯುವ ಗಿಡಗಳನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ದಿಬ್ಬದ ಹಿಂದೆ ಯಾರದೋ ಬಾವಿ, ಯಾರದೋ ಬೆಳೆ ಇರುತ್ತದೆ.