ಸಹಿ ಮಾಡದ ಕೈ

ಸೋಮವಾರ ಮೊದಲ ಗಂಟೆ ಹೊಡೆಯುವ ಮುಂಚೆಯೇ ಮಾಮ ಮೊಬೈಲ್ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಕಾಲೇಜಿಗೆ ಕಾಲೇಜೇ ಅವರನ್ನು ಮಾಮ ಅನ್ನುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಗಾಜಿನ ಸಾಮಾನು ತೊಳೆಯುತ್ತಿದ್ದ ಅಟೆಂಡರ್ ಅವರು.

“ಮೇಡಂ, ಇದೇನೋ ಹೇಳ್ತಿದೆ ನೋಡಿ.”

ಕೆಮಿಸ್ಟ್ರಿ ಮೇಡಂ ನೋಡಿದರು. ಕಾಲೇಜಿನ ಪಾಠದ ಆ್ಯಪ್ ಅದು. ‘ನಿಮ್ಮ ಅವಧಿ ಮುಗಿದಿದೆ. ಈ ಪಾಠ ತೆರೆಯುವುದಿಲ್ಲ.’ ಅದರ ಮೇಲೊಂದು ಚಿತ್ರ: ಹನಿ ಹನಿಯಾಗಿ ದ್ರವ ಬಿಡುವ ಗಾಜಿನ ಕೊಳವೆ ಬ್ಯುರೆಟ್ಟಿನ ತಿರುಪು ಹಿಡಿದ ಎಡಗೈ, ಹೆಬ್ಬೆರಳ ಮೇಲೆ ಆಸಿಡ್ ಸುಟ್ಟ ಹಳೇ ಕಲೆ.

“ನನ್ನ ಕೈಯನ್ನ ನಾನೇ ನೋಡೋ ಹಾಗಿಲ್ವಾ ಮೇಡಂ?” ಮಾಮ ನಗಲು ನೋಡಿದರು, ಆಗಲಿಲ್ಲ.

ನಗುವ ಮಾತೇ ಅದು? ನಲವತ್ತಾರನೇ ವಯಸ್ಸಿನಲ್ಲಿ ಮಗಳ ಪಕ್ಕ ಕೂತು ಓದಿ ಪಿಯುಸಿ ಪರೀಕ್ಷೆಗೆ ಕಟ್ಟಿದ್ದರು. ಪಾಸಾದರೆ ಲ್ಯಾಬ್ ಟೆಕ್ನಿಷಿಯನ್ ಹುದ್ದೆ. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತದೆ. ಉಳಿದದ್ದೆಲ್ಲ ಪಾಸು, ಕೆಮಿಸ್ಟ್ರಿ ನಾಲ್ಕೇ ಅಂಕಕ್ಕೆ ಕೈಕೊಟ್ಟಿತ್ತು. ಮರುಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ. ಪಾಸಾದವರಿಗೆ ಪಾಠ ಯಾಕೆ? ಫೇಲಾದವರಿಗಲ್ಲವೇ ಬೇಕಾದದ್ದು? ಪರೀಕ್ಷೆ ಮುಗಿದ ಕೂಡಲೇ ಅವರಿಗೇ ಬೀಗ. ಯಾವ ಸೀಮೆಯ ನ್ಯಾಯವಪ್ಪಾ ಇದು!

ಅದೂ ಯಾರು ಮಾಡಿದ ಪಾಠ? ಆರು ವರ್ಷ, ಕ್ಲಾಸು ಮುಗಿದ ಮೇಲೆ ಮೇಡಂ ವಿವರಿಸಿದ್ದಾರೆ, ಮಾಮ ಮಾಡಿ ತೋರಿಸಿದ್ದಾರೆ, ಮೇಡಂ ಮೊಬೈಲಿನಲ್ಲೇ ವಿಡಿಯೊ ಆಗಿದೆ. ಯಾರು ಬೇಕಾದರೂ ಬಳಸಿ ಎಂದು ಬರೆದು ಎಲ್ಲರಿಗೂ ಬಿಟ್ಟಿದ್ದರು. ಹೋದ ವರ್ಷ ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಒಂದು ಹಾಳೆ ಬಂತು. ತರಬೇತಿಯ ಹಾಜರಿ ಇರಬೇಕೆಂದು ಎಲ್ಲರೂ ಬಾಯಲ್ಲಿ ತುತ್ತಿಟ್ಟುಕೊಂಡೇ ಸಹಿ ಗೀಚಿದರು. ಮೇಡಂ ಕೂಡ ಗೀಚಿದರು. ಮಾಡಿದ ಪಾಠ, ಮುಂದೆ ಮಾಡುವ ಪಾಠ, ಎಲ್ಲದರ ಹಕ್ಕೂ ಆ್ಯಪ್ ಕಂಪನಿಗೆ ಎಂದು ಅದರ ತಲೆಯ ಮೇಲಿದ್ದದ್ದನ್ನು ಒಬ್ಬರೂ ಓದಲಿಲ್ಲ. ವಾರದೊಳಗೆ ವಿಡಿಯೊಗಳೆಲ್ಲ ಮಾಯವಾಗಿ, ಮೂಲೆಯಲ್ಲಿ ಕಂಪನಿಯ ಗುರುತು ಅಂಟಿಸಿಕೊಂಡು ಆ್ಯಪಿನಲ್ಲಿ ಪ್ರತ್ಯಕ್ಷವಾದವು. ಮೇಡಂ ಅವತ್ತೇ ತಲೆ ಚಚ್ಚಿಕೊಂಡಿದ್ದರು.

ಈಗ ಹಳೇ ಕಂಪ್ಯೂಟರಿನಲ್ಲಿ ಉಳಿದಿದ್ದ ವಿಡಿಯೊಗಳನ್ನು ಮಾಮನಿಗೆ ಕಳಿಸಿದರು. ಮಾಮ ತಾವೊಬ್ಬರೇ ಇಟ್ಟುಕೊಳ್ಳುವ ಜನವೇ? ತಮ್ಮ ಜೊತೆ ಫೇಲಾಗಿದ್ದ ಹತ್ತು ಮಕ್ಕಳಿಗೂ ಕಳಿಸಿದರು. ಅವು ಮೊಬೈಲಿನಿಂದ ಮೊಬೈಲಿಗೆ ದಾಟಿ ಕಂಪನಿಯ ಕಣ್ಣಿಗೂ ಬಿದ್ದವು. ಬುಧವಾರ ಪ್ರಿನ್ಸಿಪಾಲರು ಮೇಡಂಗೆ ಹೇಳಿ ಕಳಿಸಿದರು.

ಅಲ್ಲಿ ಕಂಪನಿಯವನು ಕೂತಿದ್ದ. ಗೋಡೆಯ ಪರದೆ ತುಂಬ ಮಾಮನ ಹೆಬ್ಬೆರಳು.

“ಇದು ಕಾಪಿರೈಟ್ ಉಲ್ಲಂಘನೆ ಮೇಡಂ. ಎಲ್ಲ ಅಳಿಸಿ, ತಪ್ಪಾಯ್ತು ಅಂತ ಬರ್ಕೊಡಿ, ಸಾಕು.”

“ನಾನೇ ಮಾಡಿದ್ದನ್ನ ನಾನೇ ಕದ್ನಾ?”

“ಸಹಿ ಹಾಕಿದೀರಲ್ಲ.” ಹಾಳೆ ಮುಂದೆ ಸರಿಸಿದ. “ಮತ್ತೆ ಹೊಸದಾಗಿ ಮಾಡಿದ್ರೂ ಅದೂ ನಮ್ಮದೇ.”

“ಹೋಗ್ಲಿ ಬಿಡಿ ಮೇಡಂ, ಎರಡು ಸಾಲು ಬರೆದ್ರೆ ಮುಗೀತಲ್ಲ,” ಅಂದರು ಪ್ರಿನ್ಸಿಪಾಲರು.

ಮೇಡಂಗೆ ಪಿತ್ತ ನೆತ್ತಿಗೇರಿತು. ಅವನ ಮೇಲಿನದಕ್ಕಿಂತ ತಮ್ಮದೇ ಆ ಗೀಚು ಸಹಿಯ ಮೇಲೆ ಹೆಚ್ಚು ಸಿಟ್ಟು ಬಂತು. ಬಾಗಿಲಿಗೆ ಹೋಗಿ ಮಾಮನನ್ನು ಕೂಗಿದರು. ಮಾಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

“ಮಾಮ, ಎಡಗೈ ತೋರಿಸಿ. ಸಾರ್, ನನ್ನ ಸಹಿ ಇದೆ, ಒಪ್ಪಿದೆ. ಈ ಕೈಯ ಸಹಿ ಎಲ್ಲಿದೆ?”

ಪ್ರಿನ್ಸಿಪಾಲರು ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಅಟೆಂಡರ್‌ಗಳಿಗೆ ಅದನ್ನು ಕೊಟ್ಟೇ ಇರಲಿಲ್ಲ. ಅವರನ್ನೂ ಕೇಳಬೇಕೆಂದು ಯಾರಿಗೆ ಹೊಳೆದಿತ್ತು?

“ಮುಖಾನೇ ಇಲ್ವಲ್ಲ,” ಅಂದ ಕಂಪನಿಯವನು. “ಬರೀ ಕೈ. ಯಾರದ್ದಾದ್ರೂ ಆಗ್ಬಹುದು.”

ಮಾಮ ಪರದೆ ನೋಡಿದರು, ಅವನನ್ನು ನೋಡಿದರು. “ಆಗ್ಬಹುದು ಸಾರ್. ನಿಮ್ಮದಂತೂ ಅಲ್ವಲ್ಲ.”

ಆಗ ಮೇಡಂಗೆ ಹೊಳೆಯಿತು. “ಹಳೇದನ್ನ ಅಳಿಸ್ತೀನಿ, ನೀವೇ ಇಟ್ಕೊಳ್ಳಿ. ನಾನು ಹೊಸದು ಮಾಡೋದೂ ಇಲ್ಲ. ತಪ್ಪಾಯ್ತು ಅಂತ ಮಾತ್ರ ಬರೆಯಲ್ಲ, ಸತ್ರೂ ಬರೆಯಲ್ಲ.”

ಮಧ್ಯಾಹ್ನ ಆ ಹತ್ತು ಮಕ್ಕಳು ಲ್ಯಾಬಿಗೆ ಬಂದರು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು.

“ಇವತ್ತು ಪಾಠ ನಿಮ್ಮದು ಮಾಮ. ನಾನು ಬಾಯಿಬಿಟ್ರೆ ಅದೂ ಅವರದ್ದಾಗುತ್ತೆ, ತುಟಿ ಪಿಟಕ್ಕೆನ್ನಲ್ಲ.”

“ಅಯ್ಯೋ, ನಂಗೆ ಮಾಡೋಕೆ ಬರುತ್ತೆ, ಹೇಳೋಕೆಲ್ಲಿ ಬರುತ್ತೆ ಮೇಡಂ!”

ಅದಕ್ಕೇ ತಾನೇ ನಾಲ್ಕು ಅಂಕ ಹೋದದ್ದು. ಬ್ಯುರೆಟ್ಟಿನಿಂದ ಎಷ್ಟು ಬಿಟ್ಟರೂ ನಿಲ್ಲದ ಬಣ್ಣ ಕೊನೆಯ ಒಂದೇ ಹನಿಗೆ ಯಾಕೆ ನಿಲ್ಲುತ್ತದೆಂದು ಒಬ್ಬ ಹುಡುಗಿ ಕೇಳಿದಳು. ಮಾಮ ಅಭ್ಯಾಸಬಲದಿಂದ ಮೇಡಂ ಮುಖ ನೋಡಿದರು. ಉತ್ತರ ಮೇಡಂ ನಾಲಿಗೆ ತುದಿಯಲ್ಲಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದರು. ಮಾಮ ಬ್ಯುರೆಟ್ಟಿನತ್ತ ತಿರುಗಿ ತಿರುಪಿಗೆ ಎಡಗೈ ಹಾಕಿದರು.

“ಕೆಳಗೆ ಆಸಿಡ್ ಇರೋವರೆಗೂ ಮೇಲಿಂದ ಬಿದ್ದಿದ್ದನ್ನೆಲ್ಲ ನುಂಗ್ತಾನೇ ಹೋಗುತ್ತೆ ಕಣಮ್ಮ. ಅದು ಮುಗೀತು ಅನ್ನು, ಆಮೇಲೆ ಒಂದೇ ಒಂದು ಹನಿ ಸಾಕು.”

ಹನಿ ಬಿತ್ತು. ತಿಳಿ ಗುಲಾಬಿ ಬಣ್ಣ ನಿಂತಿತು. ಮಕ್ಕಳು ಹಿಡಿದಿದ್ದ ಹತ್ತು ಮೊಬೈಲಿನ ವಿಡಿಯೊದಲ್ಲೂ ಅದು ಮೂಡಿತು, ಈ ಸಲ ಮಾಮನ ಮುಖದ ಸಮೇತ.

ಕೊನೆಗೆ ಮಾಮ ಒಂದು ಬಿಳಿ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದರು: ‘ಇದು ನಾನು ಮಾಡಿದ ಪಾಠ. ಯಾರು ಬೇಕಾದರೂ ನೋಡಿ, ಹಂಚಿ. ಫೇಲಾದವರಿಗೆ ಮೊದಲು.’ ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡರು. ಆಮೇಲೆ ಹಾಳೆ ಅಲುಗದಂತೆ ಸುಟ್ಟ ಹೆಬ್ಬೆರಳು ಊರಿ ಸಹಿ ಹಾಕಿದರು.